ಹಳೆಯ ಅಪರಾಧವು ಹೊಸದಕ್ಕೆ ಸಾಕ್ಷಿಯಾಗಬಹುದೆ?

ಆಪಾದಿತನೊಬ್ಬನು ನ್ಯಾಯಸ್ಥಾನದಿಂದ ಬಿಡುಗಡೆ ಹೊಂದಿ ಹೊರಬಂದ ಮರುದಿನ, ಅವನು ಹಿಂದೆ ಎರಡು ಮೂರು ಸಲ ಶಿಕ್ಷೆ ಅನುಭವಿಸಿದವನೆಂಬ ಸಂಗತಿಯು ಪತ್ರಿಕೆಗಳಲ್ಲಿ ಪ್ರಕಟವಾಗುವುದುಂಟು. ಅದನ್ನು ಓದಿದ ಜನರು, ಇಷ್ಟು ದೊಡ್ಡ ಸಂಗತಿಯನ್ನು ನ್ಯಾಯಾಧೀಶರ ಮುಂದೆ ಇಡಲಿಲ್ಲವೇಕೆ ಎಂದು ಕೇಳುತ್ತಾರೆ. ಹಾಗೆ ಕೇಳುವವರು ಅವಿವೇಕಿಗಳೆಂದು ಯಾರೂ ಹೇಳಲಾರರು. ಮನೆಯಲ್ಲಿ ಒಂದು ಪಾತ್ರೆ ಕಾಣೆಯಾದರೆ, ಹಿಂದೊಮ್ಮೆ ಕೈಮಾಡಿದ ಆಳಿನ ಕಡೆಗೇ ಯಜಮಾನನ ಕಣ್ಣು ಮೊದಲು ಹರಿಯುತ್ತದೆ. ಸಾಲ ಕೊಡುವವನು ಹಿಂದಿನ ಸಾಲ ತೀರಿತೆ ಎಂದು ವಿಚಾರಿಸುತ್ತಾನೆ. ಹೆಣ್ಣು ಕೊಡುವವನು ವರನ ಹಿಂದಿನ ನಡತೆಯನ್ನು ನೆರೆಹೊರೆಯಲ್ಲಿ ಕೇಳಿ ತಿಳಿಯುತ್ತಾನೆ. ಲೋಕವ್ಯವಹಾರವೆಲ್ಲವೂ ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುವುದರಿಂದಲೇ ನಡೆಯುತ್ತಿರಲು, ನ್ಯಾಯಸ್ಥಾನವೊಂದು ಮಾತ್ರ ಕಣ್ಣು ಮುಚ್ಚಿಕೊಂಡಿರಬೇಕೆಂಬುದು ಯಾವ ನ್ಯಾಯವೆಂದು ಅವರ ಪ್ರಶ್ನೆ.

ಆಪಾದಿತನ ಪೂರ್ವಾಪರಾಧಗಳನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬೇಕೆನ್ನುವವರ ಪಕ್ಷದಲ್ಲಿ ಮುಖ್ಯವಾಗಿ ಮೂರು ವಾದಗಳಿವೆ. ಮನುಷ್ಯನ ಸ್ವಭಾವವು ಸುಲಭವಾಗಿ ಬದಲಾಗತಕ್ಕದ್ದಲ್ಲ, ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯು ಅನುಭವದಿಂದಲೇ ಹುಟ್ಟಿದುದು, ಎಂಬುದು ಮೊದಲನೆಯದು. ಪೂರ್ವಾಪರಾಧವನ್ನು ಮುಚ್ಚಿಡುವ ನಿಯಮವು ಕಾಯಿದೆ ತಿಳಿಯದ ಜ್ಯೂರಿಯವರಿಗಾಗಿ ಇಂಗ್ಲೆಂಡಿನಲ್ಲಿ ಹುಟ್ಟಿದುದು, ಭಾರತದಲ್ಲಿ ಜ್ಯೂರಿಯೇ ಇಲ್ಲದಿರುವಾಗ ಅದು ಅನಾವಶ್ಯಕ, ಎಂಬುದು ಎರಡನೆಯದು. ನಿಯಮದ ತವರುಮನೆಯಾದ ಇಂಗ್ಲೆಂಡೇ ೨೦೦೩ರಲ್ಲಿ ಅದನ್ನು ಸಡಿಲಿಸಿತು, ಎಂಬುದು ಮೂರನೆಯದು. ಈ ಮೂರೂ ಮೇಲುನೋಟಕ್ಕೆ ಬಲವಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ಒಂದಾದರೂ ಪರೀಕ್ಷೆಗೆ ನಿಲ್ಲುವುದಿಲ್ಲ. ಹಳೆಯ ಅಪರಾಧವು ಎಲ್ಲಿ ಹುಡುಕಬೇಕೆಂಬುದನ್ನು ಸೂಚಿಸಬಲ್ಲದೇ ಹೊರತು ಯಾರು ಮಾಡಿದರೆಂಬುದನ್ನು ಹೇಳಲಾರದು. ಅದನ್ನು ಸಾಕ್ಷ್ಯವೆಂದು ಒಪ್ಪಿಕೊಂಡ ದಿನವೇ ಪೋಲೀಸರ ಸಂಶಯವು ತನಗೆ ತಾನೇ ಪ್ರಮಾಣವಾಗಿ ನಿಲ್ಲುತ್ತದೆ.

ಮೊದಲು ಕಾಯಿದೆಯು ಏನು ಹೇಳುತ್ತದೆಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯಕ. ಈ ದೇಶದಲ್ಲಿ ಪೂರ್ವಾಪರಾಧವನ್ನು ಎಂದೂ ಸಾಕ್ಷ್ಯವಾಗಿ ಒಪ್ಪಿರಲಿಲ್ಲವೆಂದು ಅನೇಕರು ಭಾವಿಸಿದ್ದಾರೆ. ಅದು ನಿಜವಲ್ಲ. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಪಂಡಿತನು ರಚಿಸಿದ ೧೮೭೨ರ ಸಾಕ್ಷ್ಯದ ಕಾಯಿದೆಯ ೫೪ನೆಯ ಕಲಮು ತನ್ನ ಮೂಲರೂಪದಲ್ಲಿ, ಆಪಾದಿತನಿಗೆ ಹಿಂದೆ ಯಾವುದೇ ಅಪರಾಧಕ್ಕಾಗಿ ಶಿಕ್ಷೆಯಾಗಿದ್ದರೆ ಆ ಸಂಗತಿಯು ಪ್ರಸ್ತುತವೆಂದೇ ವಿಧಿಸಿತ್ತು. ಇಂದು ಹೊಸ ಸುಧಾರಣೆಯೆಂದು ಕೇಳುತ್ತಿರುವುದನ್ನು ಹತ್ತೊಂಬತ್ತು ವರ್ಷಗಳ ಕಾಲ ಈ ದೇಶದ ನ್ಯಾಯಸ್ಥಾನಗಳು ಅನುಭವಿಸಿ ನೋಡಿದವು. ೧೮೯೧ರ ಮೂರನೆಯ ಆಕ್ಟಿನಿಂದ ಆ ಕಲಮನ್ನು ತೆಗೆದುಹಾಕಿ, ಆಪಾದಿತನು ತಾನಾಗಿ ತನ್ನ ಸನ್ನಡತೆಯ ಸಾಕ್ಷ್ಯವನ್ನು ಮುಂದಿಟ್ಟ ಹೊರತು ಅವನ ದುರ್ನಡತೆಯು ಅಪ್ರಸ್ತುತವೆಂದು ಬದಲಾಯಿಸಲಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ ೪೯ನೆಯ ಕಲಮಿನಲ್ಲಿ ಇದೇ ನಿಯಮವನ್ನು ಉಳಿಸಿಕೊಂಡಿದೆ. ಪರಕೀಯರ ಆಳಿಕೆಯಲ್ಲಿಯೇ ಕೈಬಿಟ್ಟುದನ್ನು ಸ್ವತಂತ್ರ ಭಾರತವು ಮರಳಿ ಎತ್ತಿಕೊಳ್ಳಬೇಕೆನ್ನುವವರು, ಅದನ್ನು ಹಿಂದೆ ಕೈಬಿಟ್ಟುದೇಕೆಂಬುದಕ್ಕೆ ಉತ್ತರ ಹೇಳಿಯಾದರೂ ಮುಂದುವರಿಯಬೇಕಷ್ಟೆ.

ಕಾಯಿದೆಯು ಹಿಂದಿನದೆಲ್ಲವನ್ನೂ ಹೊರಗಿಡುತ್ತದೆಂಬುದೂ ತಪ್ಪು ಕಲ್ಪನೆ. ತನ್ನ ಮನೆಗೆ ತಾನೇ ಬೆಂಕಿಯಿಟ್ಟು ವಿಮೆಯ ಹಣವನ್ನು ಪಡೆದನೆಂದು ಒಬ್ಬನ ಮೇಲೆ ಆರೋಪ ಬಂದಿರಲು, ಅವನು ಇದ್ದ ಒಂದೊಂದು ಮನೆಗೂ ವಿಮೆ ಮಾಡಿಸಿ, ಒಂದೊಂದಕ್ಕೂ ಬೆಂಕಿ ಬಿದ್ದು, ಒಂದೊಂದು ಸಲವೂ ಹಣ ದೊರಕಿತೆಂಬ ಸಂಗತಿಯನ್ನು ಸಿದ್ಧಪಡಿಸಬಹುದೆಂದು ಕಾಯಿದೆಯೇ ಉದಾಹರಣೆ ಕೊಟ್ಟು ಹೇಳಿದೆ. ಆಕಸ್ಮಿಕವೋ ಉದ್ದೇಶಪೂರ್ವಕವೋ ಎಂಬ ಪ್ರಶ್ನೆ ಬಂದಾಗ ಅಂಥ ಸಂಗತಿಗಳಿಗೆ ಬಾಗಿಲು ತೆರೆದಿದೆ. ಇಂಗ್ಲೆಂಡಿನಲ್ಲಿ ೧೯೧೫ರಲ್ಲಿ ನಡೆದ ಜಾರ್ಜ್ ಜೋಸೆಫ್ ಸ್ಮಿತ್ ಎಂಬವನ ವಿಚಾರಣೆಯು ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ. ೧೯೧೨ರಲ್ಲಿ ಅವನ ಹೆಂಡತಿಯೊಬ್ಬಳು ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳು. ಅದು ಆಕಸ್ಮಿಕವೆಂದೇ ಎಲ್ಲರೂ ನಂಬಿದರು. ೧೯೧೩ರಲ್ಲಿ ಅವನು ಮದುವೆಯಾದ ಇನ್ನೊಬ್ಬಳೂ, ೧೯೧೪ರಲ್ಲಿ ಮತ್ತೊಬ್ಬಳೂ ಅದೇ ರೀತಿಯಲ್ಲಿ ಸ್ನಾನದ ತೊಟ್ಟಿಯಲ್ಲಿಯೇ ಸತ್ತರು. ಮೂವರ ಸಾವಿನಿಂದಲೂ ಸ್ಮಿತ್ತನಿಗೆ ಹಣದ ಲಾಭವಿತ್ತು. ಮೊದಲನೆಯವಳ ಕೊಲೆಯ ವಿಚಾರಣೆಯಲ್ಲಿ ಉಳಿದಿಬ್ಬರ ಸಾವಿನ ಸಂಗತಿಯನ್ನು ನ್ಯಾಯಸ್ಥಾನವು ಸ್ವೀಕರಿಸಿತು, ಸ್ಮಿತ್ತನಿಗೆ ಮರಣದಂಡನೆಯಾಯಿತು.

ಇಲ್ಲಿ ಆ ಸಂಗತಿಗಳಿಗೆ ಬೆಲೆ ಬಂದುದು ಯಾವುದರಿಂದ ಎಂಬುದನ್ನು ವಾಚಕರು ಸೂಕ್ಷ್ಮವಾಗಿ ಗಮನಿಸಬೇಕು. ಸ್ಮಿತ್ತನು ದುಷ್ಟನೆಂಬುದರಿಂದ ಬಂದುದಲ್ಲ. ಒಬ್ಬನ ಮೂವರು ಹೆಂಡಂದಿರು ಒಂದೇ ವಿಧವಾಗಿ ಆಕಸ್ಮಿಕದಿಂದ ಸಾಯುವುದು ನಂಬಲಶಕ್ಯವೆಂಬುದರಿಂದ ಬಂದುದು. ಅವನು ಅದಕ್ಕೂ ಮೊದಲು ಕಳವಿನ ವಿಷಯದಲ್ಲಿ ಸೆರೆಮನೆ ಕಂಡವನೇ. ಆ ಸೆರೆವಾಸದ ಕಥೆಯನ್ನು ಹೇಳಿದ್ದರೆ ತೊಟ್ಟಿಯಲ್ಲಿ ನಡೆದುದರ ಮೇಲೆ ಎಷ್ಟು ಬೆಳಕು ಬೀಳುತ್ತಿತ್ತು? ಏನೂ ಇಲ್ಲ. ಕಾಯಿದೆಯು ತಡೆದಿರುವುದು ಆ ಎರಡನೆಯ ಬಗೆಯ ಸಾಕ್ಷ್ಯವನ್ನು ಮಾತ್ರ: ಇವನು ಅಂದು ಕೆಟ್ಟದ್ದು ಮಾಡಿದ, ಆದುದರಿಂದ ಇಂದಿನದನ್ನೂ ಇವನೇ ಮಾಡಿರಬೇಕು, ಎಂಬ ಅನುಮಾನವೊಂದನ್ನು. ವಿವಾದವಿರುವುದೆಲ್ಲ ಈ ಒಂದು ಅನುಮಾನದ ವಿಷಯದಲ್ಲಿ.

ಇನ್ನು ಮೊದಲನೆಯ ವಾದ. ಒಮ್ಮೆ ಅಪರಾಧ ಮಾಡಿದವರಲ್ಲಿ ಕೆಲವರು ಮತ್ತೆ ಮಾಡುತ್ತಾರೆಂಬುದನ್ನು ಅಲ್ಲಗಳೆಯಬೇಕಾದುದಿಲ್ಲ. ಒಂದು ಪಟ್ಟಣದಲ್ಲಿ ಕನ್ನ ಹಾಕಿ ಶಿಕ್ಷೆ ಹೊಂದಿದವರು ನೂರು ಮಂದಿ ಇರುವರೆಂದು ಇಟ್ಟುಕೊಳ್ಳಬಹುದು. ಒಂದು ರಾತ್ರಿ ಒಂದು ಮನೆಗೆ ಕನ್ನ ಬೀಳುತ್ತದೆ. ಆ ನೂರು ಮಂದಿಯಲ್ಲಿಯೇ ಒಬ್ಬನು ಅದನ್ನು ಮಾಡಿದನೆಂದು ಒಪ್ಪಿಕೊಂಡರೂ ಪೂರ್ವಶಿಕ್ಷೆಯೆಂಬ ಬೆರಳು ನೂರು ಮಂದಿಯ ಕಡೆಗೂ ಸಮನಾಗಿ ತೋರಿಸುತ್ತದೆ. ಅದರಲ್ಲಿ ತೊಂಬತ್ತೊಂಬತ್ತು ಮಂದಿ ಆ ರಾತ್ರಿ ತಮ್ಮ ತಮ್ಮ ಮನೆಗಳಲ್ಲಿ ನಿದ್ರೆ ಮಾಡಿದವರು. ಅವರೊಳಗಿಂದ ಒಬ್ಬನನ್ನು ಎಳೆದು ತಂದು ಕಟಕಟೆಯಲ್ಲಿ ನಿಲ್ಲಿಸಿ, ಇವನು ಹಿಂದೆ ಕನ್ನ ಹಾಕಿದವನೆಂದು ಹೇಳಿದರೆ, ಉಳಿದ ತೊಂಬತ್ತೊಂಬತ್ತು ಮಂದಿಯ ವಿಷಯದಲ್ಲಿ ಹೇಳಬಹುದಾದುದನ್ನೇ ಹೇಳಿದಂತಾಯಿತು. ಸ್ವಭಾವವು ಮನುಷ್ಯರ ಗುಂಪಿನ ವಿಷಯದಲ್ಲಿ ಏನಾದರೂ ಹೇಳಬಹುದು. ಒಂದು ರಾತ್ರಿಯ ಒಂದು ಕೃತ್ಯದ ವಿಷಯದಲ್ಲಿ ಅದು ಮೂಕ.

ಅದಕ್ಕಿಂತಲೂ ಹೆಚ್ಚಿನ ದೋಷ ಇನ್ನೊಂದಿದೆ. ಕನ್ನ ಬಿದ್ದ ಮರುದಿನ ಪೋಲೀಸರು ಯಾರ ಮನೆಗೆ ಹೋಗುತ್ತಾರೆ? ದಾಖಲೆಯಲ್ಲಿ ಹೆಸರಿರುವವನ ಮನೆಗೆ. ಮನೆಯೊಡೆಯನಿಗೆ ಯಾರ ಭಾವಚಿತ್ರಗಳನ್ನು ತೋರಿಸುತ್ತಾರೆ? ದಾಖಲೆಯಲ್ಲಿರುವವರವನ್ನು. ಅವನು ಕತ್ತಲೆಯಲ್ಲಿ ಅರೆಗಳಿಗೆ ಕಂಡ ಮುಖವನ್ನು ಆ ಚಿತ್ರಗಳಲ್ಲಿ ಯಾವುದಾದರೊಂದಕ್ಕೆ ಹೊಂದಿಸಿಕೊಳ್ಳುತ್ತಾನೆ. ಇದು ತನಿಖೆಯ ರೀತಿ; ಇದರಲ್ಲಿ ಆಕ್ಷೇಪಿಸತಕ್ಕದ್ದು ಹೆಚ್ಚಿಲ್ಲ, ಎಲ್ಲಿಯಾದರೂ ಹುಡುಕಲು ತೊಡಗಲೇಬೇಕಲ್ಲವೆ? ಆದರೆ ಇಷ್ಟರಲ್ಲಿ ಪೂರ್ವಾಪರಾಧವು ಒಂದು ಸಲ ತನ್ನ ಕೆಲಸವನ್ನು ಮಾಡಿ ಮುಗಿಸಿತು. ಆಪಾದಿತನು ಕಟಕಟೆಗೆ ಬಂದುದೇ ಅದರ ಬಲದಿಂದ. ಬಂದ ಮೇಲೆ ಅದನ್ನೇ ಮತ್ತೆ ಅವನ ವಿರುದ್ಧ ಸಾಕ್ಷ್ಯವೆಂದು ಹೂಡಿದರೆ, ಒಂದೇ ರೂಪಾಯಿಯನ್ನು ಜಮೆಯಲ್ಲಿ ಎರಡು ಸಲ ಬರೆದ ಕರಣಿಕನ ಲೆಕ್ಕದಂತಾಗುತ್ತದೆ. ಪೋಲೀಸರು ಅವನನ್ನು ಹಿಡಿದುದು ದಾಖಲೆಯಿಂದ. ಹಿಡಿದುದು ಸರಿಯೆಂದು ತೋರಿಸುವುದೂ ದಾಖಲೆಯಿಂದ. ಶಿಕ್ಷೆಯಾದರೆ ಅದೂ ದಾಖಲೆಗೆ ಸೇರಿ, ಮುಂದಿನ ಸಲ ಹಿಡಿಯುವುದಕ್ಕೆ ಇನ್ನಷ್ಟು ಬಲವಾಗುತ್ತದೆ. ಈ ಚಕ್ರದೊಳಗೆ ಒಮ್ಮೆ ಸಿಕ್ಕವನು ಹೊರಬೀಳುವ ಬಗೆಯೇ ಇಲ್ಲ.

ಇದು ಬರಿಯ ತರ್ಕವೆಂದು ಯಾರಾದರೂ ಹೇಳುವುದಾದರೆ, ಲಂಡನ್ನಿನ ಅಡಾಲ್ಫ್ ಬೆಕ್ ಎಂಬವನ ಕಥೆಯನ್ನು ಅವರು ಗಮನಿಸಬೇಕು. ೧೮೯೫ರ ಡಿಸೆಂಬರಿನಲ್ಲಿ ಒಬ್ಬ ಹೆಂಗಸು ದಾರಿಯಲ್ಲಿ ಅವನನ್ನು ತಡೆದು, ತನ್ನನ್ನು ವಂಚಿಸಿ ಒಡವೆಗಳನ್ನು ಕೊಂಡೊಯ್ದವನು ಇವನೇ ಎಂದಳು. ಅದೇ ರೀತಿಯಾಗಿ ಮೋಸಹೋದ ಬೇರೆ ಹೆಂಗಸರೂ ಅವನನ್ನೇ ಗುರುತಿಸಿದರು. ೧೮೭೭ರಲ್ಲಿ ಇಂಥದೇ ವಂಚನೆಗಾಗಿ ಜಾನ್ ಸ್ಮಿತ್ ಎಂಬ ಹೆಸರಿನವನೊಬ್ಬನು ಶಿಕ್ಷೆ ಹೊಂದಿದ್ದನು. ಅವನನ್ನು ಅಂದು ಹಿಡಿದಿದ್ದ ಪೋಲೀಸನು, ಬೆಕ್ಕನೇ ಆ ಜಾನ್ ಸ್ಮಿತ್ ಎಂದು ಪ್ರಮಾಣ ಮಾಡಿದನು. ಅಲ್ಲಿಂದ ಮುಂದೆ ಬೆಕ್ಕನು ಹಳೆಯ ಖದೀಮನೆಂಬ ಭಾವನೆಯು ಅಧಿಕಾರಿಗಳ ಮನಸ್ಸಿನಲ್ಲಿ ಬೇರೂರಿತು. ವಾಸ್ತವವಾಗಿ ೧೮೭೭ರಲ್ಲಿ ಅವನು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿದ್ದನು. ೧೮೯೬ರಲ್ಲಿ ಅವನಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಅವನಿಗೆ ಜಾನ್ ಸ್ಮಿತ್ತನ ಪೂರ್ವಶಿಕ್ಷೆಯ ಗುರುತನ್ನೇ ಅಂಟಿಸಿದರು. ೧೮೯೮ರಲ್ಲಿ ಹಳೆಯ ಕಾಗದಗಳನ್ನು ತೆಗೆದು ನೋಡಿದಾಗ ಸ್ಮಿತ್ತನಿಗೆ ಸುನ್ನತಿಯಾಗಿತ್ತೆಂದೂ ಬೆಕ್ಕನಿಗೆ ಆಗಿರಲಿಲ್ಲವೆಂದೂ, ಎಂದರೆ ಇವರಿಬ್ಬರೂ ಒಬ್ಬನೇ ಆಗುವುದು ಅಸಾಧ್ಯವೆಂದೂ ಗೊತ್ತಾಯಿತು. ಆಗ ಸೆರೆಮನೆಯ ಗುರುತನ್ನು ಬದಲಾಯಿಸಿದರು. ಶಿಕ್ಷೆಯನ್ನು ಮಾತ್ರ ಹಾಗೆಯೇ ಉಳಿಸಿದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ೧೯೦೧ರಲ್ಲಿ ಹೊರಬಂದ ಬೆಕ್ಕನನ್ನು ೧೯೦೪ರಲ್ಲಿ ಅಂಥದೇ ಆರೋಪದ ಮೇಲೆ ಮತ್ತೆ ಹಿಡಿದರು. ಈ ಸಲ ಹಿಡಿದುದು ೧೮೯೬ರ ಶಿಕ್ಷೆಯ ನೆನಪಿನಿಂದ. ಹೆಂಗಸರು ಮತ್ತೆ ಗುರುತಿಸಿದರು. ಜ್ಯೂರಿಯು ಮತ್ತೆ ಅಪರಾಧಿಯೆಂದಿತು. ನ್ಯಾಯಾಧೀಶನಿಗೆ ಏನೋ ಸಂದೇಹ ಬಂದು ಶಿಕ್ಷೆ ವಿಧಿಸುವುದನ್ನು ಮುಂದೂಡಿದನು. ಆ ಕೆಲವು ದಿನಗಳೊಳಗೆ, ಬೆಕ್ಕನು ಬಂಧನದಲ್ಲಿರುವಾಗಲೇ, ಅದೇ ಬಗೆಯ ವಂಚನೆ ಇನ್ನೊಮ್ಮೆ ನಡೆದು ನಿಜವಾದ ವಂಚಕನು ಸಿಕ್ಕಿಬಿದ್ದನು. ೧೮೭೭ರ ಜಾನ್ ಸ್ಮಿತ್ತನು ಅವನೇ. ಬೆಕ್ಕನಿಗೆ ಕ್ಷಮಾಪತ್ರವನ್ನೂ ೫೦೦೦ ಪೌಂಡು ಪರಿಹಾರವನ್ನೂ ಕೊಟ್ಟರು. ಇಂಗ್ಲೆಂಡಿನಲ್ಲಿ ೧೯೦೭ರಲ್ಲಿ ಕ್ರಿಮಿನಲ್ ಅಪೀಲು ಕೋರ್ಟು ಸ್ಥಾಪಿತವಾಗುವುದಕ್ಕೆ ಈ ಪ್ರಕರಣವು ಒಂದು ಮುಖ್ಯ ಕಾರಣವಾಯಿತು.

ಪೂರ್ವಪಕ್ಷದವರು ಇಲ್ಲಿ ಒಂದು ಮಾತನ್ನು ಎತ್ತಬಹುದು. ೧೮೯೬ರ ವಿಚಾರಣೆಯಲ್ಲಿ ೧೮೭೭ರ ಸಂಗತಿಯನ್ನು ಜ್ಯೂರಿಯ ಮುಂದೆ ತರಗೊಡಲಿಲ್ಲ. ತಂದಿದ್ದರೆ ಅಂದಿನ ಅಪರಾಧಿಯೂ ಇಂದಿನವನೂ ಒಬ್ಬನೇ, ಅಂದು ಬೆಕ್ಕನು ಪೆರುವಿನಲ್ಲಿದ್ದನು, ಆದುದರಿಂದ ಇಂದಿನವನೂ ಬೆಕ್ಕನಲ್ಲವೆಂದು ಅವನ ವಕೀಲನು ಸಾಧಿಸುತ್ತಿದ್ದನು. ಹಾಗಾದರೆ ಮುಚ್ಚಿಡುವ ನಿಯಮವೇ ಅವನನ್ನು ಕೆಡಿಸಿತಲ್ಲವೆ? ಈ ಮಾತು ಸತ್ಯ. ಆದರೆ ಅದರಿಂದ ಹೊರಡುವ ಪಾಠವು ಅವರು ಬಯಸುವುದಲ್ಲ. ಗುರಾಣಿಯನ್ನು ಕೊಟ್ಟಿರುವುದು ಆಪಾದಿತನ ಕೈಗೆ; ಅದನ್ನು ಕೆಳಗಿಡಬೇಕೆಂದು ಅವನೇ ಬಯಸಿದಾಗ ತಡೆಯುವುದು ನಿಯಮದ ಅಪಪ್ರಯೋಗ. ಸರಕಾರದ ಪಕ್ಷಕ್ಕೆ ಬಾಗಿಲು ಮುಚ್ಚಿರಬೇಕು, ಬೀಗದ ಕೈ ಆಪಾದಿತನಲ್ಲಿರಬೇಕು. ಇದೇ ಸರಿಯಾದ ಮರ್ಯಾದೆ, ಭಾರತದ ಕಾಯಿದೆಯೂ ಈ ಮರ್ಯಾದೆಯನ್ನೇ ಹಿಡಿದಿದೆ. ಅದಿರಲಿ, ೧೯೦೪ರ ಬೆಕ್ಕನನ್ನು ಒಮ್ಮೆ ನೋಡಬೇಕು. ಅವನ ಜನ್ಮದಲ್ಲಿ ಯಾರಿಗೂ ವಂಚಿಸದ ಅವನ ಹೆಸರಿನಲ್ಲಿ ಆ ಹೊತ್ತಿಗೆ ಒಂದು ಪೂರ್ವಶಿಕ್ಷೆಯಿತ್ತು. ದಾಖಲೆಯೇ ಸಾಕ್ಷ್ಯವಾಗುವುದಾದರೆ ಅವನಷ್ಟು ಸಿದ್ಧನಾದ ವಂಚಕನು ಲಂಡನ್ನಿನಲ್ಲಿ ಇನ್ನಾರೂ ಇರಲಿಲ್ಲ. ಮೊದಲನೆಯ ತಪ್ಪು ಎರಡನೆಯ ತಪ್ಪಿಗೆ ಸಾಕ್ಷಿ ಹೇಳಿತು.

ಎರಡನೆಯ ವಾದವು ಜ್ಯೂರಿಯದು. ೧೯೭೩ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಿಂದ ಜ್ಯೂರಿಯ ಪದ್ಧತಿಯು ಈ ದೇಶದ ಸೆಶನ್ಸ್ ಕೋರ್ಟುಗಳಿಂದ ಹೊರಟುಹೋಯಿತು. ಈಗ ತೀರ್ಪು ಹೇಳುವವರು ಕಾಯಿದೆಯಲ್ಲಿ ನುರಿತ ನ್ಯಾಯಾಧೀಶರು. ಅವರು ಹಳೆಯ ಅಪರಾಧಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಕೊಡಬಲ್ಲರು ಎಂಬುದು ಅದರ ಸಾರಾಂಶ. ನುರಿತ ಮನಸ್ಸೂ ಮನಸ್ಸೇ ಎಂಬುದನ್ನು ಕಾಯಿದೆಯು ಬಲ್ಲದು. ಪೋಲೀಸ್ ಅಧಿಕಾರಿಯ ಮುಂದೆ ಆಪಾದಿತನು ಮಾಡಿದ ತಪ್ಪೊಪ್ಪಿಗೆಯನ್ನು ಅದೇ ನುರಿತ ನ್ಯಾಯಾಧೀಶರ ಮುಂದೆಯೂ ಅವನ ವಿರುದ್ಧ ಸಿದ್ಧಪಡಿಸಕೂಡದೆಂದು ಏತಕ್ಕೆ ವಿಧಿಸಿದೆ? ಪೂರ್ವಶಿಕ್ಷೆಯ ಕಾರಣದಿಂದ ಹೆಚ್ಚಿನ ದಂಡನೆಯನ್ನು ಕೇಳುವಾಗಲೂ, ಪ್ರಸ್ತುತ ಅಪರಾಧದ ನಿರ್ಣಯವಾಗುವವರೆಗೆ ಆ ಪೂರ್ವಶಿಕ್ಷೆಯ ಆರೋಪವನ್ನು ಓದಿ ಹೇಳಕೂಡದು, ಸರಕಾರದ ಪಕ್ಷದವರು ಅದರ ಮಾತೆತ್ತಕೂಡದು, ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೨೫೯ನೆಯ ಕಲಮು ಹೇಳುವುದೇತಕ್ಕೆ? ಈ ವಿಧಿಗಳೆಲ್ಲ ಜ್ಯೂರಿಯಿಲ್ಲದ ನ್ಯಾಯಸ್ಥಾನಗಳಿಗೇ ಇಂದು ಅನ್ವಯಿಸುತ್ತಿವೆ. ಪೂರ್ವಾಪರಾಧಕ್ಕೆ ಒಂದು ಕಾಲವಿದೆ. ಆ ಕಾಲವು ದೋಷನಿರ್ಣಯವಾದ ಮೇಲೆ, ದಂಡನೆಯ ಪ್ರಮಾಣವನ್ನು ನಿಶ್ಚಯಿಸುವಾಗ ಬರುತ್ತದೆ. ಆಗ ಅದನ್ನು ನೋಡಬೇಡವೆಂದು ಯಾರೂ ಹೇಳುವುದಿಲ್ಲ.

ನ್ಯಾಯಾಧೀಶರ ಮನಸ್ಸು ಕಲ್ಲಿನಂತೆ ಅಚಲವೆಂದು ಒಪ್ಪಿಕೊಂಡರೂ ಹಾನಿಯು ತಪ್ಪುವುದಿಲ್ಲ. ಏಕೆಂದರೆ ಸಾಕ್ಷ್ಯದ ನಿಯಮವು ನ್ಯಾಯಾಧೀಶರೊಬ್ಬರ ಮೇಲೆಯೇ ಪರಿಣಾಮ ಮಾಡತಕ್ಕದ್ದಲ್ಲ. ಯಾವುದನ್ನು ಸಾಕ್ಷ್ಯವೆಂದು ಒಪ್ಪುವರೋ ಅದನ್ನೇ ತನಿಖೆ ಮಾಡುವವರು ಕೂಡಿಹಾಕುತ್ತಾರೆ. ಬೆರಳಚ್ಚು ತೆಗೆಯುವುದು, ಮಾಲು ಹೋದ ದಾರಿ ಹುಡುಕುವುದು, ನೆರೆಯವರನ್ನು ಒಬ್ಬೊಬ್ಬರಾಗಿ ವಿಚಾರಿಸುವುದು, ಇವೆಲ್ಲ ಶ್ರಮದ ಕೆಲಸಗಳು. ಠಾಣೆಯ ಬೀರುವಿನಿಂದ ಹಳೆಯ ಕಡತವೊಂದನ್ನು ತೆಗೆಯುವುದು ಸುಲಭ. ಸುಲಭವಾದುದಕ್ಕೆ ಬೆಲೆ ಬಂದ ದಿನ ಶ್ರಮದ ಕೆಲಸವು ನಿಲ್ಲುತ್ತದೆ; ನಿಂತಾಗ ನಿಜವಾದ ಕಳ್ಳನು ಊರಿನಲ್ಲಿ ನಿಶ್ಚಿಂತೆಯಿಂದ ತಿರುಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದಂತೆ, ಶಿಕ್ಷೆಯು ಒಬ್ಬನಿಗೂ ಅಪರಾಧವು ಇನ್ನೊಬ್ಬನಿಗೂ ಉಳಿಯುತ್ತದೆ. ಮನೆ ಕಳೆದುಕೊಂಡವನಿಗೂ ಇದರಿಂದ ಆದ ಲಾಭವೇನು?

ಇದಲ್ಲದೆ, ಈ ದೇಶದಲ್ಲಿ ದಾಖಲೆಯೆಂಬುದು ಹೇಗೆ ಹುಟ್ಟಿತೆಂಬುದನ್ನು ಮರೆಯುವಂತಿಲ್ಲ. ೧೮೭೧ರಲ್ಲಿ ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಆಕ್ಟನ್ನು ಮಾಡಿ, ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ೧೯೧೧ರ ಆಕ್ಟಿನಿಂದ ಇದು ಮುಂಬಯಿ ಮದರಾಸು ಪ್ರಾಂತಗಳಿಗೂ ಹರಡಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರಿಗಾಗಿ ವಸತಿಗಳನ್ನು ಮಾಡಿದರು. ಹುಬ್ಬಳ್ಳಿಯಲ್ಲಿಯೂ ಗದಗದಲ್ಲಿಯೂ ಆ ಸ್ಥಳಗಳಿಗೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿದ್ದವರು ಹಾಜರಿ ಕೊಡಬೇಕಾಗಿತ್ತು. ಅಪ್ಪಣೆಯಿಲ್ಲದೆ ಹೊರಗೆ ಹೋಗುವುದೇ ಅಪರಾಧವಾಗಿತ್ತು. ಪಟ್ಟಿಯಲ್ಲಿ ಹೆಸರಿದ್ದವನೊಬ್ಬನು ಕಳ್ಳತನಕ್ಕೆ ಹೊರಟಂತೆ ತೋರುವ ಸಂದರ್ಭದಲ್ಲಿ ಸಿಕ್ಕಿದರೆ, ಏನನ್ನೂ ಕದಿಯದಿದ್ದರೂ ಅವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಹಿಂದಿನದನ್ನು ನೋಡಿ ಇಂದಿನದನ್ನು ತೀರ್ಮಾನಿಸಬೇಕೆಂಬ ವಾದವನ್ನು ಅದರ ಕೊನೆಯವರೆಗೆ ಕೊಂಡೊಯ್ದರೆ ತಲಪುವ ಸ್ಥಳ ಇದೇ. ಅಲ್ಲಿ ತಂದೆ ತಾಯಿಯರ ಕುಲವೇ ಮಗುವಿನ ಪೂರ್ವಾಪರಾಧವಾಗಿತ್ತು.

ಆ ಕಾಯಿದೆಯು ೧೯೫೨ರಲ್ಲಿ ರದ್ದಾಯಿತು. ಆದರೆ ಅದರ ಮನೋಭಾವವು ರದ್ದಾಗಲಿಲ್ಲ. ರೂಢಿಗತ ಅಪರಾಧಿಗಳೆಂಬ ಹೊಸ ಹೆಸರಿನಿಂದ ಪ್ರಾಂತಗಳು ಒಂದೊಂದಾಗಿ ಕಾಯಿದೆಗಳನ್ನು ಮಾಡಿದವು. ಕರ್ನಾಟಕದ ಕಾಯಿದೆಯು ೧೯೬೧ರದು. ಠಾಣೆಗಳಲ್ಲಿ ರೌಡಿಪಟ್ಟಿಗಳೂ ಚರಿತ್ರೆಯ ಹಾಳೆಗಳೂ ಮುಂದುವರಿದವು. ಈ ಹಾಳೆಗಳಲ್ಲಿ ಬರೆದಿರುವುದೆಲ್ಲ ನ್ಯಾಯಸ್ಥಾನವು ನಿರ್ಣಯಿಸಿದ ಅಪರಾಧಗಳೇ ಎಂದು ತಿಳಿಯುವವರು ಮೋಸ ಹೋಗುತ್ತಾರೆ. ಸಂಶಯಗಳೂ, ಬಿಡುಗಡೆಯಾದ ಮೊಕದ್ದಮೆಗಳೂ, ಇನ್ನೂ ವಿಚಾರಣೆಯಲ್ಲಿರುವ ದೂರುಗಳೂ ಅಲ್ಲಿ ಒಂದರ ಪಕ್ಕದಲ್ಲಿ ಒಂದು ಕುಳಿತಿರುತ್ತವೆ. ಒಬ್ಬನ ಮೇಲೆ ಹದಿನಾರು ಕೇಸುಗಳಿವೆಯೆಂದು ಜನರು ಆಡಿಕೊಳ್ಳುವಾಗ ಅವುಗಳಲ್ಲಿ ಎಷ್ಟು ಸಿದ್ಧವಾದುವೆಂದು ಯಾರೂ ಕೇಳುವುದಿಲ್ಲ. ೨೦೨೪ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸಮಾಜದ ಹಿಂದುಳಿದ ವರ್ಗಗಳಿಗೆ ಸೇರಿದ ನಿರಪರಾಧಿಗಳ ಹೆಸರುಗಳನ್ನು ಯಾಂತ್ರಿಕವಾಗಿ ಚರಿತ್ರೆಯ ಹಾಳೆಗಳಿಗೆ ಸೇರಿಸದಂತೆ ಎಚ್ಚರ ವಹಿಸಬೇಕೆಂದು ಹೇಳಬೇಕಾಯಿತು. ಅದೇ ವರ್ಷ ಅಕ್ಟೋಬರ್ ೩ರಂದು, ಸೆರೆಮನೆಗಳಲ್ಲಿಯ ಜಾತಿಭೇದವನ್ನು ಕುರಿತ ತೀರ್ಪಿನಲ್ಲಿ, ಹಳೆಯ ಅಪರಾಧಿ ಬುಡಕಟ್ಟುಗಳೆಂಬ ಕಲ್ಪನೆಯು ಸೆರೆಮನೆಯ ನಿಯಮಗಳಲ್ಲಿ ಇನ್ನೂ ಹೇಗೆ ಬದುಕಿದೆಯೆಂಬುದನ್ನು ಅದೇ ಕೋರ್ಟು ಎತ್ತಿ ತೋರಿಸಿತು. ದಾಖಲೆಯು ಅಪರಾಧಗಳ ಕನ್ನಡಿಯೆಂದು ನಂಬುವುದು ಸಾಧ್ಯವಿಲ್ಲ. ಯಾರ ಬೀದಿಯಲ್ಲಿ ಪೋಲೀಸರು ದಿನವೂ ತಿರುಗುವರೋ ಅವರ ದಾಖಲೆ ಬೆಳೆಯುತ್ತದೆ. ಯಾರ ಬಂಗಲೆಯ ಬಾಗಿಲನ್ನು ಅಂಜುತ್ತಲೇ ತಟ್ಟುವರೋ ಅವರಿಗೆ ದಾಖಲೆಯೇ ಇರುವುದಿಲ್ಲ. ಇಂಥ ಕಾಗದವನ್ನು ತಕ್ಕಡಿಯಲ್ಲಿ ತೂಕದ ಕಲ್ಲಾಗಿ ಇಡುವುದು ತರವೆ?

ಮೂರನೆಯದಾಗಿ ಇಂಗ್ಲೆಂಡಿನ ಉದಾಹರಣೆ. ಅಲ್ಲಿಯ ೨೦೦೩ರ ಕ್ರಿಮಿನಲ್ ಜಸ್ಟಿಸ್ ಆಕ್ಟು, ಆಪಾದಿತನ ದುರ್ನಡತೆಯ ಸಾಕ್ಷ್ಯಕ್ಕೆ ಹಿಂದೆಂದಿಗಿಂತ ಅಗಲವಾದ ಬಾಗಿಲುಗಳನ್ನು ತೆರೆದುದು ನಿಜ. ಅವನ ಪ್ರವೃತ್ತಿಯನ್ನು ತೋರಿಸುವುದಕ್ಕೂ ಅದು ಅವಕಾಶ ಕೊಟ್ಟಿದೆ. ಆದರೆ ಆ ವಿಧಿಗಳು ೨೦೦೪ರ ಕೊನೆಯಲ್ಲಿ ಜಾರಿಗೆ ಬಂದು ಕೆಲವೇ ತಿಂಗಳುಗಳಾಗುವಷ್ಟರಲ್ಲಿ, ೨೦೦೫ರ ಹ್ಯಾನ್ಸನ್ ಪ್ರಕರಣದಲ್ಲಿ, ಅಲ್ಲಿಯ ಅಪೀಲು ಕೋರ್ಟು ಕಡಿವಾಣ ಹಾಕಬೇಕಾಯಿತು. ಒಂದೇ ಪೂರ್ವಶಿಕ್ಷೆಯಿಂದ ಸಾಮಾನ್ಯವಾಗಿ ಪ್ರವೃತ್ತಿಯು ಸಿದ್ಧವಾಗದೆಂದೂ, ದುರ್ಬಲವಾದ ಮೊಕದ್ದಮೆಗೆ ಊರುಗೋಲಾಗಿ ಇಂಥ ಸಾಕ್ಷ್ಯವನ್ನು ತರಕೂಡದೆಂದೂ ಅದು ಎಚ್ಚರಿಸಿತು. ಬಾಗಿಲನ್ನು ತೆರೆದವರೇ ದ್ವಾರಪಾಲಕರನ್ನು ನಿಲ್ಲಿಸಿಕೊಂಡ ಈ ಭಾಗವನ್ನು ಇಲ್ಲಿಯ ಸುಧಾರಕರು ಹೇಳುವುದಿಲ್ಲ. ಎರಡನೆಯವರ ಮನೆಯ ಮೇಲಂತಸ್ತನ್ನು ನೋಡಿ ಬಂದವರು ತಮ್ಮ ಮನೆಯ ತಳಹದಿಯನ್ನೂ ನೋಡಿಕೊಳ್ಳಬೇಕು. ಇಲ್ಲಿಯ ಬಡ ಆಪಾದಿತನಿಗೆ ಪ್ರಸ್ತುತ ಮೊಕದ್ದಮೆಯಲ್ಲಿಯೇ ಸಮರ್ಥನಾದ ವಕೀಲನು ದೊರಕುವುದು ದುರ್ಲಭವಾಗಿರುವಾಗ, ಹತ್ತು ವರ್ಷಗಳ ಹಿಂದಿನ ನಾಲ್ಕು ಮೊಕದ್ದಮೆಗಳಿಗೂ ಅವನು ಮತ್ತೆ ಉತ್ತರ ಕೊಡಬೇಕೆಂದರೆ ಆ ವಿಚಾರಣೆಯು ಯಾವ ಕಾಲಕ್ಕೆ ಮುಗಿಯುವುದು?

ಪೂರ್ವಪಕ್ಷದಲ್ಲಿ ನಿಜವಾಗಿ ಉತ್ತರ ಬೇಡುವ ಮಾತು ಇನ್ನೊಂದಿದೆ. ಸ್ತ್ರೀಯರ ಮೇಲೂ ಮಕ್ಕಳ ಮೇಲೂ ನಡೆಯುವ ಅತ್ಯಾಚಾರಗಳು ಗುಟ್ಟಿನಲ್ಲಿ ನಡೆಯತಕ್ಕವು. ಅಲ್ಲಿ ನೊಂದವಳ ಮಾತೊಂದೇ ಇರುತ್ತದೆ. ಆಕೆಯನ್ನು ಜನರು ನಂಬುವುದಿಲ್ಲ. ಆ ಪುರುಷನು ಹಿಂದೆ ಇನ್ನೊಬ್ಬಳಿಗೆ ಅದನ್ನೇ ಮಾಡಿದವನೆಂದು ತಿಳಿದರೆ ಆಕೆಯ ಮಾತಿಗೆ ಬಲ ಬರುವುದಲ್ಲವೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳು ಸಾಮಾನ್ಯ ನಿಯಮವನ್ನು ಉಳಿಸಿಕೊಂಡೂ ಈ ಬಗೆಯ ಅಪರಾಧಗಳ ಮಟ್ಟಿಗೆ ೧೯೯೪ರಲ್ಲಿ ಬಾಗಿಲು ತೆರೆದುದು ಈ ಕಾರಣದಿಂದಲೇ. ಈ ದುಃಖವನ್ನು ಹಗುರವಾಗಿ ತಳ್ಳಿಹಾಕುವವನು ನ್ಯಾಯದ ಮಾತಾಡಲು ಅರ್ಹನಲ್ಲ. ಆದರೆ ಔಷಧವು ರೋಗಕ್ಕೆ ತಕ್ಕುದೆ ಎಂಬುದನ್ನು ನೋಡಬೇಕು. ನಂಬಿಕೆಗೆ ಅರ್ಹವಾದ ನೊಂದವಳ ಸಾಕ್ಷ್ಯವೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂಬುದು ಸುಪ್ರೀಂ ಕೋರ್ಟು ಅನೇಕ ಸಲ ಸ್ಥಾಪಿಸಿದ ನಿಯಮ. ಒಬ್ಬನೇ ಹಲವರಿಗೆ ಮಾಡಿದ ಒಂದೇ ಬಗೆಯ ಅಪರಾಧಗಳನ್ನು ಕಾಯಿದೆಯ ಮಿತಿಗೊಳಪಟ್ಟು ಒಂದೇ ವಿಚಾರಣೆಯಲ್ಲಿ ಸೇರಿಸಲೂ ಮಾರ್ಗವಿದೆ. ಆಕೆಯ ಮಾತನ್ನು ಮಾತಿನ ಬೆಲೆಯಿಂದಲೇ ನಂಬಲು ಕಲಿಯಬೇಕಾದ ನ್ಯಾಯಸ್ಥಾನಕ್ಕೆ ಅವನ ಕಡತವನ್ನು ಕೊಟ್ಟರೆ, ಮುಂದಿನ ಸಲ ಕಡತವಿಲ್ಲದಾಗ ಅದು ಆಕೆಯನ್ನು ಮತ್ತಷ್ಟು ನಂಬದು.

ಈ ಕೊನೆಯ ಮಾತನ್ನು ವಿಶೇಷವಾಗಿ ವಿಚಾರಿಸಬೇಕು. ದಾಖಲೆ ಇರುವುದು ಅಪರಾಧಕ್ಕೆ ಸಾಕ್ಷಿಯಾದರೆ, ದಾಖಲೆ ಇಲ್ಲದಿರುವುದು ನಿರಪರಾಧಕ್ಕೆ ಸಾಕ್ಷಿಯಾಗದೆ ಇರುವುದೆ? ಊರಿನ ಗೌರವಸ್ಥನು, ಹಣವಂತನು, ಹತ್ತು ಮಂದಿಯ ಬಾಯಿ ಮುಚ್ಚಿಸಬಲ್ಲವನು, ಅವನ ಹೆಸರಿನಲ್ಲಿ ಹಿಂದೆ ಒಂದೂ ದೂರು ದಾಖಲಾಗಿರುವುದಿಲ್ಲ. ಮೊದಲನೆಯ ಸಲ ಒಬ್ಬ ಬಡ ಹುಡುಗಿಯು ಧೈರ್ಯ ಮಾಡಿ ಅವನ ಮೇಲೆ ದೂರು ಕೊಟ್ಟಾಗ, ಅವನ ಬಿಳಿಯ ಕಾಗದವೇ ಅವನ ರಕ್ಷೆಯಾಗಿ ನಿಲ್ಲುತ್ತದೆ. ಪೂರ್ವಾಪರಾಧದ ನಿಯಮವು ಸಡಿಲವಾದರೆ ಅದರ ಬಿಸಿ ತಟ್ಟುವುದು ಕೊಳೆಗೇರಿಯವನಿಗೆ; ಅದರ ತಂಪು ದೊರೆಯುವುದು ದಿವಾಣಖಾನೆಯವನಿಗೆ. ಅಲ್ಲದೆ, ನೊಂದವಳ ಹಿಂದಿನ ನಡತೆಯನ್ನು ಕೆದಕಿ ಆಕೆಯನ್ನು ಹೀನೈಸುವ ಪದ್ಧತಿಗೆ ೨೦೧೩ರ ತಿದ್ದುಪಡಿಯು ತಡೆ ಹಾಕಿತು. ಅದೇ ತಡೆಯು ಈಗಿನ ಅಧಿನಿಯಮದ ೪೮ನೆಯ ಕಲಮಿನಲ್ಲಿದೆ. ಹಿಂದಿನ ಬದುಕು ಇಂದಿನ ಘಟನೆಗೆ ಪ್ರಮಾಣವಲ್ಲವೆಂಬ ತತ್ತ್ವವು ೪೮ರಲ್ಲಿ ಆಕೆಯನ್ನು ಕಾಯುತ್ತದೆ, ೪೯ರಲ್ಲಿ ಆಪಾದಿತನನ್ನು ಕಾಯುತ್ತದೆ. ಪಕ್ಕಪಕ್ಕದಲ್ಲಿರುವ ಈ ಎರಡರಲ್ಲಿ ಒಂದನ್ನು ಕಿತ್ತವರು ಇನ್ನೊಂದನ್ನು ಬಹುಕಾಲ ಉಳಿಸಿಕೊಳ್ಳಲಾರರು.

ಈ ವಿಚಾರವು ಪಾಶ್ಚಾತ್ಯರಿಂದಲೇ ಬಂದುದೆಂದು ಭಾವಿಸುವವರು ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯನ ಉಪಾಖ್ಯಾನವನ್ನು ನೆನೆಯಬಹುದು. ಮೌನವ್ರತದಲ್ಲಿದ್ದ ಆ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲಿನೊಡನೆ ಅಡಗಿಕೊಂಡರು; ರಾಜಭಟರು ಕಳ್ಳರೊಡನೆ ಅವನನ್ನೂ ಹಿಡಿದರು; ರಾಜನು ಶೂಲಕ್ಕೇರಿಸಿದನು. ಬಳಿಕ ಅವನು ಯಮಧರ್ಮನ ಬಳಿಗೆ ಹೋಗಿ ತನಗೆ ಇದು ಯಾವ ಪಾಪದ ಫಲವೆಂದು ಕೇಳಲು, ಬಾಲ್ಯದಲ್ಲಿ ಹುಳುಗಳಿಗೆ ಕಡ್ಡಿ ಚುಚ್ಚಿದುದರ ಫಲವೆಂದು ಧರ್ಮನು ಉತ್ತರ ಕೊಟ್ಟನು. ಹಿಂದಿನ ತಪ್ಪೊಂದಿತ್ತಲ್ಲವೆ, ಆದುದರಿಂದ ಇಂದಿನ ಶೂಲವೂ ಅನ್ಯಾಯವಲ್ಲ, ಎಂಬುದು ಆ ಉತ್ತರದ ತಾತ್ಪರ್ಯ. ಋಷಿಯು ಅದನ್ನು ಒಪ್ಪಲಿಲ್ಲ. ಹಳೆಯ ಸಣ್ಣ ತಪ್ಪನ್ನು ಮುಂದಿಟ್ಟು ಮಾಡದ ಕಳವಿನ ಶಿಕ್ಷೆಯನ್ನು ಸಮರ್ಥಿಸಿದ ಧರ್ಮನನ್ನೇ ಶಪಿಸಿದನು; ಧರ್ಮನು ವಿದುರನಾಗಿ ಭೂಮಿಯಲ್ಲಿ ಹುಟ್ಟಬೇಕಾಯಿತು. ಲೆಕ್ಕವನ್ನು ತಪ್ಪಾಗಿ ಬರೆದರೆ ಧರ್ಮದೇವತೆಗೂ ಶಿಕ್ಷೆ ತಪ್ಪದೆಂದು ಹೇಳಿದ ನಾಡಿನಲ್ಲಿ, ಠಾಣೆಯ ಕರಣಿಕನ ಲೆಕ್ಕವು ಪ್ರಶ್ನಾತೀತವೆಂದು ಸಾರುವುದು ಸೋಜಿಗವೇ ಸರಿ.

ಅಪರಾಧಗಳು ಹೆಚ್ಚುತ್ತಿವೆಯೆಂಬ ಭಯದಿಂದ ಜನರು ಕಠಿಣವಾದ ಕಾಯಿದೆಗಳನ್ನು ಬೇಡುವುದು ಸಹಜ. ಆ ಬೇಡಿಕೆಗೆ ಉತ್ತರವು ಚೆನ್ನಾಗಿ ನಡೆದ ತನಿಖೆ, ಬೇಗನೆ ಮುಗಿಯುವ ವಿಚಾರಣೆ, ಅಂಜದೆ ಸಾಕ್ಷಿ ಹೇಳುವ ನಾಗರಿಕ, ಇವುಗಳಲ್ಲಿದೆ. ಅವು ಹಣವನ್ನೂ ಶ್ರಮವನ್ನೂ ಬೇಡುತ್ತವೆ. ಹಳೆಯ ಕಡತವು ಏನನ್ನೂ ಬೇಡುವುದಿಲ್ಲ. ಅದಕ್ಕಾಗಿಯೇ ಅದರ ಮೋಹವು ದೊಡ್ಡದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ಹಿರಿಯರು ಹೇಳಿದ್ದಾರೆ. ಪ್ರತ್ಯಕ್ಷವೂ ಇಲ್ಲದೆ, ಪ್ರಮಾಣವೂ ಇಲ್ಲದೆ, ಹತ್ತು ವರ್ಷಗಳ ಹಿಂದಿನ ಒಂದು ಶಿಕ್ಷೆಯನ್ನು ನೋಡಿ ಮನುಷ್ಯನನ್ನು ಸೆರೆಮನೆಗೆ ಕಳಿಸುವ ಅಧಿಕಾರವನ್ನು ಯಾವ ಸರಕಾರಕ್ಕೂ ಕೊಡತಕ್ಕದ್ದಲ್ಲ. ಶಿಕ್ಷೆಯನ್ನು ಅನುಭವಿಸಿ ಬಂದವನು ಆ ಸಾಲವನ್ನು ತೀರಿಸಿದ್ದಾನೆ. ತೀರಿದ ಸಾಲದ ಪತ್ರವನ್ನು ತೋರಿಸಿ ಹೊಸ ಸಾಲಕ್ಕೆ ಜಪ್ತಿ ತರುವವನನ್ನು ಯಾವ ಸಾಮಾನ್ಯ ಮುನಸೀಫನೂ ಹಿಂದಕ್ಕೆ ಕಳಿಸುತ್ತಾನೆ. ಮನುಷ್ಯನ ಸ್ವಾತಂತ್ರ್ಯವು ಒಂದು ಸಾಲದ ಪತ್ರಕ್ಕಿಂತ ಕಡಮೆಯಾದುದಲ್ಲವೆಂಬುದನ್ನು ವಿಚಾರವಂತರು ಮನಗಂಡು, ೪೯ನೆಯ ಕಲಮನ್ನು ಇದ್ದಂತೆಯೇ ಕಾಪಾಡಿಕೊಳ್ಳುವುದು ಅವಶ್ಯಕವಾಗಿದೆ.